ಪುಟದಲ್ಲಿ ನಾಲ್ಕೇ ಸಾಲು, ಆದರೂ ಅದು ಕಾದಂಬರಿ

ಪ್ರಶ್ನೆ: ನನ್ನ ಮಗಳಿಗೆ 15 ವರ್ಷ. ಕೆಲವು ತಿಂಗಳಿಂದ ಪದ್ಯದಲ್ಲಿ ಬರೆದ ಇಂಗ್ಲಿಷ್ ಕಾದಂಬರಿಗಳನ್ನು ಬಿಟ್ಟು ಬೇರೇನೂ ಓದುತ್ತಿಲ್ಲ. ಪುಟಕ್ಕೆ ನಾಲ್ಕೈದು ಸಾಲು, ಉಳಿದದ್ದು ಖಾಲಿ. ಗದ್ಯವನ್ನೇ ಸುಮ್ನೆ ತುಂಡು ಮಾಡಿ ಇಟ್ಟಿದ್ದಲ್ವಾ ಇದು? ಅದೂ ಅಲ್ಲದೆ ಎಲ್ಲದರಲ್ಲೂ ಸಾವು, ಒಡೆದ ಮನೆ, ಮಾತು ಬಿಟ್ಟ ಗೆಳತಿಯರು. ನಾನು ಮತ್ತು ಅವಳ ಅಪ್ಪ ಈಗ ಬೇರೆ ಬೇರೆ ಇದ್ದೇವೆ. ಅವಳ ಆಪ್ತ ಗೆಳತಿಯೂ ಈಚೆಗೆ ದೂರವಾಗಿದ್ದಾಳೆ. ಇಂಥ ಪುಸ್ತಕ ಓದಲು ಬಿಡಬಹುದೇ? ಈಗ ತಾನೂ ಕನ್ನಡದಲ್ಲಿ ಅಂಥದ್ದೊಂದು ಬರೆಯುತ್ತೇನೆ ಅನ್ನುತ್ತಿದ್ದಾಳೆ. ನಾನು ಹೇಗೆ ಸಹಾಯ ಮಾಡಲಿ?

ಉತ್ತರ: ಓದಲು ಬಿಡಿ. ಬರೆಯಲೂ ಬಿಡಿ. ಯಾಕೆ ಅಂತ ಹೇಳುವ ಮುಂಚೆ ನಿಮ್ಮ ಮೊದಲ ಅನುಮಾನವನ್ನು ಎತ್ತಿಕೊಳ್ಳುತ್ತೇನೆ. ಉಳಿದ ಎರಡು ಪ್ರಶ್ನೆಗೂ ಉತ್ತರ ಅದರೊಳಗೇ ಇದೆ.

ಗದ್ಯವನ್ನು ತುಂಡು ಮಾಡಿ ಇಟ್ಟ ಪುಸ್ತಕಗಳು ಖಂಡಿತ ಇವೆ. ಈ ಬಗೆಯ ಕಾದಂಬರಿಗೆ ಓದುಗರು ಸಿಕ್ಕ ಮೇಲೆ ಅವಸರದಲ್ಲಿ ಬರೆದವರೂ ಬಂದರು. ಹಾಗಾಗಿ ನಿಮ್ಮ ಅನುಮಾನ ಸರಿಯಾದದ್ದೇ. ಆದರೆ ಜೊಳ್ಳು ಯಾವುದು, ಗಟ್ಟಿ ಯಾವುದು ಅಂತ ತಿಳಿಯುವುದು ಕಷ್ಟವಲ್ಲ. ಒಂದು ಸಣ್ಣ ಉದಾಹರಣೆಯನ್ನು ನಾನೇ ಬರೆದು ತೋರಿಸುತ್ತೇನೆ. ಮೊದಲು ಗದ್ಯ:

ಅಪ್ಪ ಇವತ್ತೂ ಊಟಕ್ಕೆ ಬರಲಿಲ್ಲ. ಅಮ್ಮ ಅಭ್ಯಾಸಬಲದಿಂದ ಮೂರು ತಟ್ಟೆ ಇಟ್ಟು, ಆಮೇಲೆ ನೆನಪಾಗಿ ಒಂದನ್ನು ತೆಗೆದಳು. ನನಗೆ ತುಂಬಾ ಬೇಜಾರಾಯಿತು. ಆದರೂ ನೋಡದವಳ ಹಾಗೆ ಇದ್ದೆ.

ಇದನ್ನೇ ತುಂಡು ಮಾಡಿದರೆ:

ಅಪ್ಪ ಇವತ್ತೂ
ಊಟಕ್ಕೆ ಬರಲಿಲ್ಲ.
ಅಮ್ಮ ಅಭ್ಯಾಸಬಲದಿಂದ
ಮೂರು ತಟ್ಟೆ ಇಟ್ಟು, ಆಮೇಲೆ
ನೆನಪಾಗಿ
ಒಂದನ್ನು ತೆಗೆದಳು.
ನನಗೆ ತುಂಬಾ
ಬೇಜಾರಾಯಿತು.

ಇಲ್ಲಿ ಏನೂ ಆಗಿಲ್ಲ. ಕಾಗದ ಜಾಸ್ತಿ ಖರ್ಚಾಗಿದೆ, ಅಷ್ಟೇ. ಈಗ ಇದನ್ನು ನೋಡಿ:

ಅಮ್ಮ ಮೂರು ತಟ್ಟೆ ಇಟ್ಟಳು.

ಒಂದನ್ನು ತಿರುಗಿ
ಒಳಗಿಟ್ಟಳು.

ನೀರು ಕುಡಿದೆ.
ಇನ್ನೊಂದು ಲೋಟ
ಕುಡಿದೆ.

ಅಪ್ಪನ ಹೆಸರೇ ಇಲ್ಲ. ಬೇಜಾರು ಅನ್ನುವ ಮಾತೂ ಇಲ್ಲ. ಆದರೆ ಬಾರದೇ ಇದ್ದವನು ಯಾರು ಅಂತ ಓದುವವರಿಗೆ ತಾನೇ ಹೊಳೆಯುತ್ತದೆ. ಹುಡುಗಿ ಎರಡನೇ ಲೋಟ ನೀರು ಕುಡಿದದ್ದು ಬಾಯಾರಿಕೆಗಲ್ಲ ಅಂತಲೂ ಹೊಳೆಯುತ್ತದೆ. ಎರಡು ಚರಣಗಳ ನಡುವಿನ ಖಾಲಿ ಜಾಗದಲ್ಲಿ ಅಮ್ಮ ಒಂದು ಕ್ಷಣ ನಿಂತಳು. ಆ ಕ್ಷಣಕ್ಕೆ ಪದವಿಲ್ಲ, ಜಾಗ ಮಾತ್ರ ಇದೆ. ಪದ್ಯ ಕಾದಂಬರಿಯ ಪ್ರಾಣ ಇರುವುದು ಇಲ್ಲಿ. ಸಾಲನ್ನು ಎಲ್ಲಿ ಮುರಿಯಬೇಕು ಅನ್ನುವುದು ಆಮೇಲಿನ ಪ್ರಶ್ನೆ. ಏನನ್ನು ಹೇಳದೇ ಬಿಡಬೇಕು ಅನ್ನುವುದು ಮೊದಲ ಪ್ರಶ್ನೆ. ಅದನ್ನು ಬಲ್ಲ ಲೇಖಕರು ಪುಟಕ್ಕೆ ನಾಲ್ಕು ಸಾಲು ಬರೆದರೂ ಕಾದಂಬರಿಯನ್ನೇ ಬರೆಯುತ್ತಿರುತ್ತಾರೆ.

ನಿಮ್ಮ ಕೈಗೆ ಸಿಕ್ಕ ಯಾವುದೇ ಪುಸ್ತಕವನ್ನು ಹೀಗೆ ಪರೀಕ್ಷೆ ಮಾಡಿ. ಒಂದು ಪುಟದ ಸಾಲುಗಳನ್ನೆಲ್ಲ ಮನಸ್ಸಿನಲ್ಲೇ ಒಂದು ಪ್ಯಾರಾ ಮಾಡಿ ಓದಿ. ಏನೂ ಕಳೆದುಹೋಗದಿದ್ದರೆ ಅದು ತುಂಡು ಗದ್ಯ. ಏನೋ ಸತ್ತುಹೋಯಿತು ಅನ್ನಿಸಿದರೆ ಅದು ಪದ್ಯ.

ಇನ್ನು, ಇವುಗಳಲ್ಲಿ ಇಷ್ಟೊಂದು ಸಾವು, ಜಗಳ, ಮುರಿದ ಮನೆ ಯಾಕೆ? ನೋವನ್ನು ಮಾರುವ ಆಸೆಯಿಂದ ಬರೆದವು ಕೆಲವು ಇರಬಹುದು. ಆದರೆ ಮುಖ್ಯ ಕಾರಣ ಬೇರೆ. ಮನೆ ಬಿರುಕುಬಿಟ್ಟಾಗ ಮಕ್ಕಳು ಪೂರ್ತಿ ವಾಕ್ಯದಲ್ಲಿ ಯೋಚಿಸುವುದಿಲ್ಲ. ಏನು ನಡೆಯಿತು ಅಂತ ಕೇಳಿದರೆ ಮೊದಲಿಂದ ಕೊನೆವರೆಗೆ ಹೇಳಲು ಅವರಿಗೆ ಆಗುವುದಿಲ್ಲ. ನೆನಪಿರುವುದು ಒಂದು ಬಾಗಿಲ ಸದ್ದು, ಫೋನಿನಲ್ಲಿ ಅಮ್ಮನ ದನಿ ಬದಲಾದ ಗಳಿಗೆ, ತರಗತಿಯಲ್ಲಿ ಗೆಳತಿ ಬೇರೆ ಬೆಂಚಿಗೆ ಹೋಗಿ ಕೂತದ್ದು. ಈ ಚೂರುಗಳ ನಡುವೆ ಏನಾಯಿತು ಅನ್ನುವುದು ಅವರಿಗೇ ಸರಿಯಾಗಿ ಗೊತ್ತಿಲ್ಲ. ಗದ್ಯದ ಕಾದಂಬರಿ ಆ ಜಾಗವನ್ನು ತುಂಬಲೇಬೇಕು. ‘ಮರುದಿನ ಬೆಳಿಗ್ಗೆ’, ‘ಅಷ್ಟರಲ್ಲಿ’, ‘ಇದರಿಂದಾಗಿ’ ಅಂತ ಕೊಂಡಿ ಹಾಕುತ್ತಾ ಹೋಗಬೇಕು. ಪದ್ಯ ಕಾದಂಬರಿಗೆ ಆ ಕಟ್ಟುಪಾಡಿಲ್ಲ. ಒಂದು ಪದ್ಯ ಮುಗಿಯುತ್ತದೆ, ಪುಟ ತಿರುಗಿಸಿದರೆ ಮೂರು ವಾರ ಕಳೆದಿರುತ್ತದೆ. ಹುಡುಗಿ ಆ ಮೂರು ವಾರದ ಬಗ್ಗೆ ಮಾತಾಡುವುದಿಲ್ಲ. ಮಾತಾಡದೇ ಇದ್ದದ್ದೇ ನಮಗೆ ಸುದ್ದಿ.

ಕಥೆಯನ್ನು ಪದ್ಯದಲ್ಲಿ ಹೇಳುವುದು ನಮಗೆ ಹೊಸದೇನಲ್ಲ. ರಾಘವಾಂಕ ಹರಿಶ್ಚಂದ್ರನ ಕಥೆಯನ್ನು ಷಟ್ಪದಿಯಲ್ಲಿ ಹೇಳಿದ. ಹೆಂಡತಿ, ಮಗ ಒಂದು ಕಡೆ, ಗಂಡ ಇನ್ನೊಂದು ಕಡೆ ಮಾರಾಟವಾಗಿ ಹೋಗುವ ಆ ಕಥೆ ಒಂದು ಕುಟುಂಬದ ಬಿಕ್ಕಟ್ಟೇ ಅಲ್ವಾ? ಆದರೆ ಹಳೆಯ ಕಾವ್ಯಕ್ಕೂ ಇದಕ್ಕೂ ಒಂದು ದೊಡ್ಡ ವ್ಯತ್ಯಾಸ ಇದೆ. ಅಲ್ಲಿ ಕವಿ ಸಭೆಗೆ ಕೇಳಿಸುವಂತೆ ಹೇಳುತ್ತಾನೆ, ಛಂದಸ್ಸು ಕಥೆಯನ್ನು ನಿಲ್ಲದೆ ನಡೆಸಿಕೊಂಡು ಹೋಗುತ್ತದೆ. ಇಲ್ಲಿ ಹೇಳುವವರು ಬಹುಮಟ್ಟಿಗೆ 13ರಿಂದ 18 ವರ್ಷದ ಒಬ್ಬ ಹುಡುಗಿ ಅಥವಾ ಹುಡುಗ. ಅವರು ತಮಗೆ ತಾವೇ ಹೇಳಿಕೊಳ್ಳುತ್ತಿರುತ್ತಾರೆ. ಹೆಚ್ಚಿನವು ಪ್ರಾಸ, ಗಣದ ಕಟ್ಟಿಲ್ಲದ ಮುಕ್ತಛಂದದಲ್ಲಿವೆ. ಹಲವುಗಳಲ್ಲಿ ಒಂದೊಂದು ಪದ್ಯಕ್ಕೂ ಬೇರೆ ತಲೆಬರಹ ಇರುತ್ತದೆ.

ದೊಡ್ಡವರಿಗಾಗಿ ಪದ್ಯದಲ್ಲಿ ಕಾದಂಬರಿ ಬರೆಯುವುದೂ ಹಳೆಯ ಸಂಗತಿ. ರಷ್ಯಾದ ಕವಿ ಪುಶ್ಕಿನ್ ಅವರ ‘ಯೆವ್ಗೆನಿ ಒನೆಗಿನ್’ ಇಡಿಯಾಗಿ ಪುಸ್ತಕವಾದದ್ದು 1833ರಲ್ಲಿ. ಅದೇ ಚರಣವಿನ್ಯಾಸವನ್ನು ಎತ್ತಿಕೊಂಡು ವಿಕ್ರಮ್ ಸೇಠ್ 1986ರಲ್ಲಿ ‘ದ ಗೋಲ್ಡನ್ ಗೇಟ್’ ಬರೆದರು. ಹದಿಹರೆಯದವರ ಪುಸ್ತಕಗಳಲ್ಲಿ ಈ ರೂಪ ಗಟ್ಟಿಯಾಗಿ ಬೇರೂರಿದ್ದು 1990ರ ದಶಕದಲ್ಲಿ. ಅಮೆರಿಕದ ವರ್ಜೀನಿಯಾ ಯೂವರ್ ವುಲ್ಫ್ ಅವರ ‘ಮೇಕ್ ಲೆಮನೇಡ್’ 1993ರಲ್ಲಿ ಬಂತು. ಕ್ಯಾರೆನ್ ಹೆಸ್ ಅವರ ‘ಔಟ್ ಆಫ್ ದ ಡಸ್ಟ್’ 1997ರಲ್ಲಿ ಬಂದು, ಮರುವರ್ಷ ಅಮೆರಿಕದಲ್ಲಿ ಮಕ್ಕಳ ಪುಸ್ತಕಕ್ಕೆ ಕೊಡುವ ನ್ಯೂಬೆರಿ ಪದಕ ಪಡೆಯಿತು. ಅದೇ ದಶಕದಲ್ಲಿ ಆಸ್ಟ್ರೇಲಿಯಾದ ಸ್ಟೀವನ್ ಹೆರಿಕ್ ಕೂಡ ಹೀಗೆ ಬರೆಯುತ್ತಿದ್ದರು.

‘ಔಟ್ ಆಫ್ ದ ಡಸ್ಟ್’ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಕುಟುಂಬದ ಬಿಕ್ಕಟ್ಟನ್ನು ಈ ರೂಪ ಹೇಗೆ ಹಿಡಿಯುತ್ತದೆ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಪುಸ್ತಕ ನನಗೆ ಗೊತ್ತಿಲ್ಲ. ಕಥೆ ನಡೆಯುವುದು 1934 ಮತ್ತು 1935ರಲ್ಲಿ, ಅಮೆರಿಕದ ಓಕ್ಲಹೋಮಾದಲ್ಲಿ. ಬರಗಾಲ, ಧೂಳಿನ ಬಿರುಗಾಳಿ, ಒಣಗಿದ ಗೋಧಿ ಹೊಲ. ಬಿಲ್ಲಿ ಜೋ ಅನ್ನುವ ಹುಡುಗಿ ಪಿಯಾನೊ ಚೆನ್ನಾಗಿ ನುಡಿಸುತ್ತಾಳೆ. ಅವಳ ಅಪ್ಪ ಸೀಮೆಎಣ್ಣೆಯ ಬಕೆಟ್ಟನ್ನು ಒಲೆಯ ಪಕ್ಕ ಇಟ್ಟಿರುತ್ತಾನೆ. ಗರ್ಭಿಣಿ ಅಮ್ಮ ನೀರು ಅಂದುಕೊಂಡು ಅದನ್ನು ಸುರಿಯುತ್ತಾಳೆ. ಬೆಂಕಿ ಹತ್ತುತ್ತದೆ, ಅಮ್ಮ ಹೊರಗೆ ಓಡುತ್ತಾಳೆ. ಉರಿಯುವ ಬಕೆಟ್ಟನ್ನು ಹುಡುಗಿ ಹೊರಗೆ ಎಸೆಯುತ್ತಾಳೆ. ಅದೇ ಹೊತ್ತಿಗೆ ಅಮ್ಮ ಬಾಗಿಲಿಗೆ ತಿರುಗಿ ಬಂದಿರುತ್ತಾಳೆ. ಅಮ್ಮನೂ ಹೋಗುತ್ತಾಳೆ, ಹುಟ್ಟಿದ ಮಗುವೂ ಉಳಿಯುವುದಿಲ್ಲ. ಹುಡುಗಿಯ ಕೈಗಳು ಸುಟ್ಟಿವೆ.

ಆಮೇಲೆ ಆ ಮನೆಯಲ್ಲಿ ಅಪ್ಪ ಮತ್ತು ಮಗಳು ಇಬ್ಬರೇ. ಬಕೆಟ್ ಇಟ್ಟವನು ಅವನು, ಎಸೆದವಳು ಅವಳು. ತಪ್ಪು ಯಾರದ್ದು ಅನ್ನುವ ಮಾತು ಇಬ್ಬರ ನಡುವೆ ನಿಂತಿದೆ, ಇಬ್ಬರೂ ಅದನ್ನು ಆಡಲಾರರು. ಗದ್ಯದಲ್ಲಿ ಬರೆದಿದ್ದರೆ ಎಲ್ಲೋ ಒಂದು ಕಡೆ ಅವರಿಬ್ಬರನ್ನೂ ಕೂರಿಸಿ ಮಾತಾಡಿಸಬೇಕು ಅನ್ನುವ ಆಸೆ ಲೇಖಕಿಗೆ ಬರುತ್ತಿತ್ತೇನೋ. ಇಲ್ಲಿ ಪದ್ಯ ಆದಮೇಲೆ ಪದ್ಯ ಧೂಳಿನ ಬಗ್ಗೆ ಇದೆ. ಹಾಸಿಗೆ ಮೇಲೆ, ತಟ್ಟೆ ಮೇಲೆ, ಹಲ್ಲಿನ ನಡುವೆ ಧೂಳು. ಹುಡುಗಿ ಧೂಳಿನ ಬಗ್ಗೆ ಹೇಳಿದಾಗಲೆಲ್ಲ ನಮಗೆ ಕೇಳಿಸುವುದು ಅವಳು ಅಪ್ಪನಿಗೆ ಹೇಳಲಾಗದ ಮಾತು. ಒಂದೇ ವಸ್ತುವನ್ನು ಮತ್ತೆ ಮತ್ತೆ ತಂದು ಅದರ ಹೆಗಲಿಗೆ ಮಾತಾಡದ ನೋವನ್ನು ಹೊರಿಸುವ ಈ ಕೆಲಸ ಪದ್ಯಕ್ಕೆ ಸಹಜವಾಗಿ ಒಲಿಯುತ್ತದೆ. ನಿಮ್ಮ ಮಗಳು ಬರೆಯುವಾಗ ಅವಳಿಗೆ ಬೇಕಾಗುವ ಮೊದಲ ಉಪಾಯ ಇದೇ.

ಕ್ವಾಮೆ ಅಲೆಕ್ಸಾಂಡರ್ ಅವರ ‘ದ ಕ್ರಾಸೋವರ್’ 2014ರದ್ದು, 2015ರ ನ್ಯೂಬೆರಿ ಪದಕ ಪಡೆದದ್ದು. ಅವಳಿ ಅಣ್ಣತಮ್ಮಂದಿರು ಜೋಶ್ ಮತ್ತು ಜೆಬಿ, ಇಬ್ಬರೂ ಬಾಸ್ಕೆಟ್‌ಬಾಲ್ ಆಟಗಾರರು. ಅಪ್ಪ ಹಿಂದೆ ವೃತ್ತಿಪರ ಆಟಗಾರ. ಹೃದಯದ ತೊಂದರೆ ಇದ್ದರೂ ಡಾಕ್ಟರ ಹತ್ತಿರ ಹೋಗಲು ಒಪ್ಪುವುದಿಲ್ಲ. ಜೆಬಿಗೆ ಗೆಳತಿ ಸಿಕ್ಕಮೇಲೆ ಜೋಶ್ ಒಂಟಿಯಾಗುತ್ತಾನೆ. ಒಂದು ಪಂದ್ಯದಲ್ಲಿ ಸಿಟ್ಟಿನಿಂದ ಚೆಂಡನ್ನು ಜೆಬಿಯ ಮುಖಕ್ಕೆ ಎಸೆಯುತ್ತಾನೆ. ಪುಸ್ತಕ ಪಂದ್ಯದ ಹಾಗೆ ಭಾಗಗಳಾಗಿದೆ. ಆಟದ ಪದ್ಯಗಳಲ್ಲಿ ಅಕ್ಷರ ಜಿಗಿಯುತ್ತವೆ, ಜಾರುತ್ತವೆ, ಸಾಲು ಓಡುತ್ತದೆ. ಜೆಬಿ ಮಾತು ಬಿಟ್ಟಮೇಲೆ ಆ ಓಟ ನಿಲ್ಲುತ್ತದೆ. ಪುಟ ಮಂದವಾಗುತ್ತದೆ. ಮನೆಯ ಬಿಕ್ಕಟ್ಟನ್ನು ಕಣ್ಣಿಗೆ ಕಾಣುವ ಹಾಗೆ ಮಾಡುವುದು ಅಂದರೆ ಇದು. ಕಾದಂಬರಿ ಓದುವುದಿಲ್ಲ ಅಂತ ಹಟ ಹಿಡಿದ ಹುಡುಗರ ಕೈಗೂ ಈ ಪುಸ್ತಕ ಕೊಡಬಹುದು.

ಛಂದಸ್ಸನ್ನು ಕಟ್ಟುನಿಟ್ಟಾಗಿ ಬಳಸಿದವರು ಕಡಿಮೆ. ಹೆಲೆನ್ ಫ್ರಾಸ್ಟ್ ಅವರ ‘ಕೀಶಾಸ್ ಹೌಸ್’ (2003) ಅಂಥ ಅಪರೂಪದ ಪುಸ್ತಕ. ಮನೆ ಬಿಟ್ಟು ಬಂದ, ಮನೆಯಿಂದ ಹೊರಹಾಕಿಸಿಕೊಂಡ ಹದಿಹರೆಯದವರು ಒಂದು ಮನೆಯಲ್ಲಿ ಆಸರೆ ಹುಡುಕುತ್ತಾರೆ. ಅವರೆಲ್ಲ ಮಾತಾಡುವುದು ಸೆಸ್ಟಿನಾ ಮತ್ತು 14 ಸಾಲಿನ ಸಾನೆಟ್‌ಗಳಲ್ಲಿ. ಸೆಸ್ಟಿನಾದಲ್ಲಿ ಮೊದಲ ಚರಣದ ಆರು ಸಾಲುಗಳ ಕೊನೆಯ ಆರು ಪದಗಳೇ ಮುಂದಿನ ಐದು ಚರಣಗಳಲ್ಲೂ ಸಾಲಿನ ಕೊನೆಗೆ ಬರಬೇಕು, ಪ್ರತಿ ಸಲ ಬೇರೆ ಕ್ರಮದಲ್ಲಿ. ಕೊನೆಯ ಮೂರು ಸಾಲಿನಲ್ಲಿ ಆರೂ ಒಟ್ಟಿಗೆ. ಕೇಳಿದರೆ ಪಂಡಿತರ ಕಸರತ್ತು ಅನ್ನಿಸುತ್ತದೆ. ಆದರೆ ಚಿಂತೆ ಹತ್ತಿದ ಮನಸ್ಸು ಹೇಗೆ ನಡೆಯುತ್ತದೆ ಅಂತ ಯೋಚಿಸಿ. ರಾತ್ರಿಯೆಲ್ಲ ಅದೇ ನಾಲ್ಕಾರು ಪದ ಸುತ್ತುತ್ತಿರುತ್ತವೆ. ಅಪ್ಪ, ದುಡ್ಡು, ಬಾಗಿಲು, ನಾಳೆ. ಕ್ರಮ ಬದಲಾಗುತ್ತದೆ, ಪದ ಬದಲಾಗುವುದಿಲ್ಲ. ಆ ಹುಡುಗರ ಸಂಕಟಕ್ಕೆ ಆ ರೂಪ ಅಳತೆ ಮಾಡಿ ಹೊಲಿಸಿದ ಅಂಗಿಯ ಹಾಗೆ ಕೂರುತ್ತದೆ.

ಈಗ ಗೆಳೆತನದ ವಿಷಯ. ಇಲ್ಲಿ ಪದ್ಯ ಕಾದಂಬರಿ ಸುಲಭವಾಗಿ ಎಡವುತ್ತದೆ, ಅದನ್ನೂ ಹೇಳಲೇಬೇಕು. ಹೇಳುವವಳು ಒಬ್ಬಳೇ ಆದ್ದರಿಂದ ಎದುರಿನ ಗೆಳತಿ ನೆರಳಾಗಿಬಿಡುತ್ತಾಳೆ. ಅವಳು ಕೈಕೊಟ್ಟಳು, ಇವಳು ಅತ್ತಳು, ಮುಗಿಯಿತು. ಅಪ್ಪ ಅಮ್ಮನ ಜಗಳದಲ್ಲಿ ಮಗು ನೋಡುವ ಸ್ಥಾನದಲ್ಲಿರುತ್ತದೆ. ಗೆಳೆತನದ ಜಗಳದಲ್ಲಿ ಅದೇ ಮಗು ಒಂದು ಪಕ್ಷ. ತನ್ನ ಕಡೆಯ ತಪ್ಪನ್ನು ನೋಡದ ಕಾದಂಬರಿ ಅರ್ಧ ಕಾದಂಬರಿ.

‘ಮೇಕ್ ಲೆಮನೇಡ್’ ಈ ತೊಡಕನ್ನು ಚೆನ್ನಾಗಿ ದಾಟಿದೆ. 14 ವರ್ಷದ ಲಾವಾನ್ ಕಾಲೇಜಿಗೆ ಹೋಗಲು ದುಡ್ಡು ಕೂಡಿಡಬೇಕು ಅಂತ ಮಕ್ಕಳನ್ನು ನೋಡಿಕೊಳ್ಳುವ ಕೆಲಸ ಹಿಡಿಯುತ್ತಾಳೆ. ಕೆಲಸ ಕೊಟ್ಟ ಜಾಲಿಗೆ 17 ವರ್ಷ, ಆಗಲೇ ಎರಡು ಮಕ್ಕಳು. ಜಾಲಿಯ ಕೆಲಸ ಹೋಗುತ್ತದೆ. ಸಂಬಳ ಕೊಡಲು ಅವಳ ಹತ್ತಿರ ಇಲ್ಲ, ಬಿಟ್ಟುಹೋಗಲು ಲಾವಾನ್‌ಗೆ ಮನಸ್ಸಿಲ್ಲ. ಲಾವಾನ್‌ಳ ಅಮ್ಮನಿಗೆ ಇದು ಇಷ್ಟವಿಲ್ಲ. ಸಹಾಯ ಮಾಡುವುದು ಎಲ್ಲಿ ಮುಗಿಯುತ್ತದೆ, ಮೂಗು ತೂರಿಸುವುದು ಎಲ್ಲಿ ಶುರುವಾಗುತ್ತದೆ? ಜಾಲಿ ಪಾಪದವಳೂ ಅಲ್ಲ, ಕೆಟ್ಟವಳೂ ಅಲ್ಲ. ಅವಳಿಗೂ ಸಿಟ್ಟು ಇದೆ, ಅಭಿಮಾನ ಇದೆ. ಸಾಲುಗಳು ಒಬ್ಬ ಹುಡುಗಿ ಎದುರಿಗೆ ಕೂತು ಉಸಿರು ತೆಗೆದುಕೊಳ್ಳುತ್ತಾ ಮಾತಾಡಿದ ಹಾಗಿವೆ, ಕವಿತೆ ಅನ್ನುವ ಗತ್ತೇ ಇಲ್ಲ. ಇದೇ ಕಥೆಯನ್ನು ಮುಂದುವರಿಸಿದ ‘ಟ್ರೂ ಬಿಲೀವರ್’ 2001ರಲ್ಲಿ ಅಮೆರಿಕದ ನ್ಯಾಷನಲ್ ಬುಕ್ ಅವಾರ್ಡ್ ಪಡೆಯಿತು. ಅದರಲ್ಲಿ ಲಾವಾನ್‌ಳ ಹಳೆಯ ಗೆಳತಿಯರು ದೂರ ಸರಿಯುತ್ತಾರೆ. ನಿಮ್ಮ ಮಗಳಿಗೆ ಅದು ಈಗ ಬಹಳ ಹತ್ತಿರ ಅನ್ನಿಸಬಹುದು.

ಸೋನ್ಯಾ ಸೋನ್ಸ್ ಅವರ ‘ಸ್ಟಾಪ್ ಪ್ರಿಟೆಂಡಿಂಗ್’ (1999) ಎರಡು ನೋವನ್ನೂ ಒಂದೇ ಗಂಟಿಗೆ ತರುತ್ತದೆ. ಅಕ್ಕನಿಗೆ ಮಾನಸಿಕ ಕಾಯಿಲೆಯಾಗಿ ಆಸ್ಪತ್ರೆ ಸೇರುತ್ತಾಳೆ. ತಂಗಿಗೆ ಅಕ್ಕನ ಚಿಂತೆ ಒಂದು ಕಡೆ, ಗೆಳತಿಯರಿಗೆ ಗೊತ್ತಾದರೆ ಏನಾಗುತ್ತದೋ ಅನ್ನುವ ಭಯ ಇನ್ನೊಂದು ಕಡೆ. ಲೇಖಕಿಯ ಸ್ವಂತ ಅಕ್ಕನ ಕಥೆಯಿಂದ ಹುಟ್ಟಿದ ಪುಸ್ತಕ ಅದು. ಮನೆಯ ಬಿಕ್ಕಟ್ಟು ಮನೆಯೊಳಗೇ ಉಳಿಯುವುದಿಲ್ಲ, ಶಾಲೆಯ ಕಾರಿಡಾರಿಗೂ ಬಂದು ಗೆಳೆತನವನ್ನು ಮುಟ್ಟುತ್ತದೆ ಅನ್ನುವುದನ್ನು ಇಷ್ಟು ನೇರವಾಗಿ ಹೇಳಿದ್ದು ಕಡಿಮೆ. ನಿಮ್ಮ ಮಗಳ ಗೆಳತಿ ದೂರವಾದದ್ದಕ್ಕೂ ನಿಮ್ಮ ಮನೆಯಲ್ಲಿ ಆದದ್ದಕ್ಕೂ ನಂಟಿದೆಯೋ ಇಲ್ಲವೋ ನಾನು ಹೇಳಲಾರೆ. ಅವಳು ಹೇಳಬಹುದು, ಅವಳದೇ ಸಮಯಕ್ಕೆ.

ಒಬ್ಬಳೇ ಹೇಳುವ ತೊಂದರೆಯನ್ನು ಎರಡು ದನಿ ತಂದು ದಾಟುವ ದಾರಿಯೂ ಇದೆ. ಎಲಿಜಬೆತ್ ಅಸೆವೆಡೊ ಅವರ ‘ಕ್ಲ್ಯಾಪ್ ವೆನ್ ಯು ಲ್ಯಾಂಡ್’ (2020) ಅಂಥದ್ದು. ವಿಮಾನ ಅಪಘಾತದಲ್ಲಿ ಒಬ್ಬ ಮನುಷ್ಯ ಸಾಯುತ್ತಾನೆ. ಡೊಮಿನಿಕನ್ ರಿಪಬ್ಲಿಕ್‌ನಲ್ಲಿ ಒಬ್ಬಳು ಮಗಳು, ನ್ಯೂಯಾರ್ಕಿನಲ್ಲಿ ಇನ್ನೊಬ್ಬಳು. ಇಬ್ಬರಿಗೂ ಒಬ್ಬನೇ ಅಪ್ಪ, ಒಬ್ಬರಿಗೊಬ್ಬರು ಇದ್ದಾರೆ ಅನ್ನುವುದೇ ಅವರಿಗೆ ಗೊತ್ತಿಲ್ಲ. ಸತ್ತವನ ಮೇಲೆ ಪ್ರೀತಿಯೂ ಸಿಟ್ಟೂ ಒಟ್ಟಿಗೆ ಬಂದಾಗ ಏನು ಮಾಡುವುದು? ಒಬ್ಬಳ ಪದ್ಯದಲ್ಲಿ ಅಪ್ಪ ಒಂದು ಥರ, ಇನ್ನೊಬ್ಬಳ ಪದ್ಯದಲ್ಲಿ ಇನ್ನೊಂದು ಥರ. ಪೂರ್ತಿ ಮನುಷ್ಯ ಓದುವವರ ತಲೆಯಲ್ಲಿ ಮಾತ್ರ ಇರುತ್ತಾನೆ.

ಇದೇ ಲೇಖಕಿಯ ‘ದ ಪೊಯೆಟ್ ಎಕ್ಸ್’ (2018) ನೀವು, ಅಂದರೆ ಅಮ್ಮಂದಿರು, ಓದಲೇಬೇಕಾದ ಪುಸ್ತಕ. ಅಮೆರಿಕದ ನ್ಯಾಷನಲ್ ಬುಕ್ ಅವಾರ್ಡ್, ಅಲ್ಲೇ ಹದಿಹರೆಯದವರ ಪುಸ್ತಕಕ್ಕೆ ಕೊಡುವ ಪ್ರಿಂಟ್ಜ್ ಪ್ರಶಸ್ತಿ, ಮಕ್ಕಳ ಪುಸ್ತಕಕ್ಕೆ ಕೊಡುವ ಬ್ರಿಟನ್ನಿನ ಕಾರ್ನೆಗಿ ಪದಕ ಮೂರೂ ಅದಕ್ಕೆ ಸಿಕ್ಕಿವೆ. ನ್ಯೂಯಾರ್ಕಿನ ಹಾರ್ಲೆಮ್‌ನ ಹುಡುಗಿ ಶಿಯೋಮಾರಾ ಗುಟ್ಟಾಗಿ ನೋಟ್‌ಬುಕ್‌ನಲ್ಲಿ ಪದ್ಯ ಬರೆಯುತ್ತಾಳೆ. ಶಾಲೆಯ ಬರವಣಿಗೆಗೆ ಮೊದಲು ಅವಳು ಮನಸ್ಸಿನಲ್ಲಿ ಇದ್ದದ್ದನ್ನು ಬರೆಯುತ್ತಾಳೆ. ಟೀಚರಿಗೆ ಕೊಡುವುದು ಬೇರೆಯೇ. ಎರಡೂ ಪುಸ್ತಕದಲ್ಲಿ ಅಕ್ಕಪಕ್ಕ ಇವೆ. ಅಮ್ಮನಿಗೆ ಆ ನೋಟ್‌ಬುಕ್ ಸಿಗುತ್ತದೆ. ಅಮ್ಮ ಅದನ್ನು ಸುಡುತ್ತಾಳೆ. ಅಮ್ಮ ರಾಕ್ಷಸಿಯಲ್ಲ, ಮಗಳ ಮೇಲೆ ಪ್ರಾಣ ಇಟ್ಟುಕೊಂಡವಳೇ. ಆ ಪುಟಗಳನ್ನು ಓದಿದ ಮೇಲೆ ಮಗಳ ನೋಟ್‌ಬುಕ್ ಕದ್ದು ಓದುವ ಆಸೆ ನಿಮಗೆ ಬರುವುದಿಲ್ಲ.

ಹಾಗಾದರೆ ಓದಲು ಬಿಡಬಹುದೇ? ನೋವಿನಲ್ಲಿರುವ ಮಗು ನೋವಿನ ಪುಸ್ತಕ ಹಿಡಿದರೆ ಹೆತ್ತವರಿಗೆ ಭಯ ಆಗುವುದು ಸಹಜ. ಆದರೆ ನೋವನ್ನು ಪುಸ್ತಕ ತಂದಿಲ್ಲ. ಅದು ಮೊದಲೇ ಇತ್ತು. ಪುಸ್ತಕ ಅದಕ್ಕೆ ಒಂದು ಆಕಾರ ಕೊಡುತ್ತಿದೆ. ಪದ್ಯ ಕಾದಂಬರಿ ಇನ್ನೊಂದು ಉಪಕಾರವನ್ನೂ ಮಾಡುತ್ತದೆ. ಪ್ರತಿ ಪದ್ಯದ ಕೊನೆಯಲ್ಲಿ ಪುಸ್ತಕ ಮುಚ್ಚಿಡಬಹುದು. ಎಷ್ಟು ತಾಳಬಲ್ಲಳೋ ಅಷ್ಟೇ ಓದಿ ನಿಲ್ಲಿಸಬಹುದು. ಮನಸ್ಸು ಚದುರಿರುವ ದಿನಗಳಲ್ಲಿ 300 ಪುಟದ ಪುಸ್ತಕವನ್ನು ಮುಗಿಸಿದೆ ಅನ್ನುವ ಧೈರ್ಯವೂ ಸಿಗುತ್ತದೆ. ಅದನ್ನು ಸೋಮಾರಿತನ ಅನ್ನಬೇಡಿ.

ಎಲ್ಲವೂ ಒಂದೇ ತೂಕದವಲ್ಲ ಅನ್ನುವುದೂ ನಿಜ. ಎಲೆನ್ ಹಾಪ್ಕಿನ್ಸ್ ಅವರ ‘ಕ್ರ್ಯಾಂಕ್’ (2004) ಮಾದಕ ವಸ್ತುವಿಗೆ ಬಿದ್ದ ಹುಡುಗಿಯ ಕಥೆ. ಲೇಖಕಿಯ ಸ್ವಂತ ಮಗಳ ಬದುಕಿನಿಂದ ಬಂದದ್ದು. ಅದನ್ನು ನೀವು ಮೊದಲು ಓದಿ, ಆಮೇಲೆ ನಿರ್ಧಾರ ಮಾಡಿ. ಸಾರಾ ಕ್ರಾಸನ್ ಅವರ ‘ಟಾಫೀ’ (2019) ಅದ್ಭುತ ಪುಸ್ತಕ. ಮನೆಯಿಂದ ಓಡಿಬಂದ ಹುಡುಗಿಯನ್ನು ಮರೆವಿನ ಕಾಯಿಲೆಯ ಒಬ್ಬ ಮುದುಕಿ ತನ್ನ ಬಾಲ್ಯದ ಗೆಳತಿ ಅಂದುಕೊಳ್ಳುತ್ತಾಳೆ. ಹುಡುಗಿ ಆ ಹೆಸರನ್ನೇ ತೊಟ್ಟುಕೊಂಡು ಅಲ್ಲೇ ಉಳಿಯುತ್ತಾಳೆ. ಆದರೆ ಅವಳು ಓಡಿಬಂದದ್ದು ಅಪ್ಪನ ಹೊಡೆತದಿಂದ. ಅದು ಗೊತ್ತಿದ್ದು ಕೊಡಿ. ಪದ್ಮಾ ವೆಂಕಟರಾಮನ್ ಅವರ ‘ಎ ಟೈಮ್ ಟು ಡಾನ್ಸ್’ (2014) ಸ್ವಲ್ಪ ಹಗುರ ಉಸಿರಿನದು. ಕಾಲು ಕಳೆದುಕೊಂಡ ಭರತನಾಟ್ಯದ ಹುಡುಗಿ ಮತ್ತೆ ನೃತ್ಯಕ್ಕೆ ಮರಳುವ ಕಥೆ. ಅಜ್ಜಿಯ ಆಸರೆ ಅದರ ಒಂದು ದೊಡ್ಡ ಬಲ.

ಒಂದು ಮಾತು ಮಾತ್ರ ಕಟ್ಟುನಿಟ್ಟಾಗಿ ಹೇಳುತ್ತೇನೆ. ಬದುಕಬೇಕು ಅನ್ನಿಸುತ್ತಿಲ್ಲ ಅನ್ನುವ ಮಾತು ಅವಳ ಬಾಯಲ್ಲಿ ಬಂದರೆ ಅಥವಾ ಅವಳೇ ತೋರಿಸಿದ ಪದ್ಯದಲ್ಲಿ ಕಂಡರೆ, ಇದು ಕಥೆಯ ಪಾತ್ರ ಇರಬೇಕು ಅಂತ ಸುಮ್ಮನಿರಬೇಡಿ. ನೇರವಾಗಿ ಕೇಳಿ. ಆಪ್ತಸಲಹೆಗಾರರ ಅಥವಾ ಮನೋವೈದ್ಯರ ಹತ್ತಿರ ತಡಮಾಡದೆ ಕರೆದುಕೊಂಡು ಹೋಗಿ. ಆಗ ಸಾಹಿತ್ಯದ ಮಾತು ಪಕ್ಕಕ್ಕಿರಲಿ.

ಈಗ ಅವಳ ಬರವಣಿಗೆ. ಕನ್ನಡದಲ್ಲಿ ಬರೆಯುತ್ತೇನೆ ಅಂದಳಲ್ಲ, ನನಗೆ ಅದು ತುಂಬಾ ಸಂತೋಷದ ಸುದ್ದಿ. ಯಾಕೆಂದರೆ ಈ ರೂಪಕ್ಕೆ ಬೇಕಾದ ಕೆಲವು ಸವಲತ್ತು ನಮ್ಮ ಭಾಷೆಯಲ್ಲಿ ಹುಟ್ಟಿನಿಂದಲೇ ಇವೆ.

ಕನ್ನಡದಲ್ಲಿ ಕ್ರಿಯಾಪದ ಸಾಮಾನ್ಯವಾಗಿ ವಾಕ್ಯದ ಕೊನೆಗೆ ಬರುತ್ತದೆ. ‘ಇಲ್ಲ’ ಅದರ ಬಾಲಕ್ಕೆ ಅಂಟಿಕೊಂಡು ಇನ್ನೂ ಕೊನೆಗೆ ಬರುತ್ತದೆ. ಅಂದರೆ ನಡೆದದ್ದು ಏನು, ನಡೆಯಿತೋ ಇಲ್ಲವೋ ಅನ್ನುವುದು ಕೊನೆಯ ಕ್ಷಣದವರೆಗೆ ತಿಳಿಯುವುದಿಲ್ಲ. ಸಾಲನ್ನು ಕ್ರಿಯಾಪದದ ಮುಂಚೆ ಮುರಿದರೆ ಓದುವವರು ಆಸೆಯ ಅಂಚಿನಲ್ಲಿ ಒಂದು ಕ್ಷಣ ನಿಲ್ಲುತ್ತಾರೆ:

ಮೆಟ್ಟಿಲ ಹತ್ತಿರ ನಿಂತು
ಎಲ್ಲರ ಎದುರಿಗೆ
ಅವಳು ನನ್ನನ್ನು
ಕರೆಯಲಿಲ್ಲ.

ಮೂರನೇ ಸಾಲಿನ ಕೊನೆಯವರೆಗೂ ಕರೆದಳು ಅಂತಲೇ ಅನ್ನಿಸುತ್ತದೆ, ಅಲ್ವಾ? ಆ ಹುಡುಗಿಗೂ ಹಾಗೇ ಅನ್ನಿಸಿತ್ತು. ಆದರೆ ಪ್ರತಿ ಪದ್ಯದಲ್ಲೂ ಇದನ್ನೇ ಮಾಡಿದರೆ ಚಮತ್ಕಾರ ಆಗಿಬಿಡುತ್ತದೆ. ಕೊನೆಗೆ ಒಂದೇ ಪದ ಇಟ್ಟು ಎದೆಗೆ ಗುದ್ದುವ ಚಟ ಇಂಗ್ಲಿಷ್ ಪುಸ್ತಕಗಳಲ್ಲೂ ಬಹಳ ಇದೆ. ಹತ್ತು ಪುಟ ಆದಮೇಲೆ ಗುದ್ದು ತಾಗುವುದಿಲ್ಲ. ಕೆಲವು ಪದ್ಯ ಸುಮ್ನೆ ನಿಲ್ಲಲಿ.

ಇನ್ನೊಂದು, ನಮ್ಮ ಕ್ರಿಯಾಪದದಲ್ಲೇ ಮಾಡಿದವರು ಯಾರು ಅಂತ ಇರುತ್ತದೆ. ‘ಕುಡಿದೆ’ ಅಂದರೆ ಸಾಕು, ‘ನಾನು’ ಬೇಡ. ತನ್ನನ್ನು ತಾನು ಬಚ್ಚಿಟ್ಟುಕೊಳ್ಳುವ ಹುಡುಗಿ ಪುಟಗಟ್ಟಲೆ ‘ನಾನು’ ಅನ್ನದೆ ಮಾತಾಡಬಲ್ಲಳು. ಕಥೆಯ ಮುಖ್ಯ ತಿರುವಿನಲ್ಲಿ ಅವಳು ಮೊದಲ ಸಲ ‘ನಾನು’ ಅಂದರೆ ಅದಕ್ಕೆ ಎಷ್ಟು ತೂಕ ಬರುತ್ತದೆ ನೋಡಿ. ಹಾಗೆಯೇ ಅಪ್ಪನನ್ನು ‘ನೀನು’ ಅನ್ನುತ್ತಿದ್ದವಳು ಒಂದು ಪದ್ಯದಲ್ಲಿ ‘ನೀವು’ ಅಂದುಬಿಟ್ಟರೆ ಸಾಕು, ದೂರ ಎಷ್ಟಾಗಿದೆ ಅಂತ ಬೇರೆ ವಿವರಿಸಬೇಕಾಗಿಲ್ಲ.

ಪ್ರಾಸ ಬೇಕೇ ಬೇಕು ಅಂತ ಒತ್ತಾಯ ಮಾಡಬೇಡಿ. ಬಂದರೆ ಬರಲಿ, ಹುಡುಕಿಕೊಂಡು ಹೋದರೆ ಹುಡುಗಿಯ ದನಿ ಹೋಗಿ ಹಾಡಿನ ಪುಸ್ತಕದ ದನಿ ಬರುತ್ತದೆ. ಮಾತಾಡುವ ಕನ್ನಡ ಧಾರಾಳವಾಗಿ ಇರಲಿ. ಬರೆದದ್ದನ್ನು ಗಟ್ಟಿಯಾಗಿ ಓದಲು ಹೇಳಿ. ಎಲ್ಲಿ ಉಸಿರು ತಡವರಿಸುತ್ತದೋ ಅಲ್ಲಿ ಸಾಲು ತಪ್ಪಾಗಿ ಮುರಿದಿದೆ.

ಅವಳು ತೋರಿಸಿದರೆ ಮಾತ್ರ ಓದಿ. ಓದಿದಾಗ ಇದು ನಮ್ಮ ಮನೆಯ ಕಥೆಯಾ ಅಂತ ಕೇಳಬೇಡಿ. ಕೇಳಿದರೆ ಮುಂದಿನ ಪದ್ಯವನ್ನು ಅವಳು ನಿಮ್ಮನ್ನು ನೆನೆಸಿಕೊಂಡು ಬರೆಯುತ್ತಾಳೆ, ಕಥೆ ಅಲ್ಲಿಗೇ ನಿಲ್ಲುತ್ತದೆ. ಬದಲಿಗೆ ಬರೆಯುವವರು ಒಬ್ಬರನ್ನೊಬ್ಬರು ಕೇಳುವ ಪ್ರಶ್ನೆ ಕೇಳಿ. ಈ ಪದ್ಯಕ್ಕೂ ಹಿಂದಿನದಕ್ಕೂ ನಡುವೆ ಎಷ್ಟು ದಿನ ಕಳೆಯಿತು? ಆ ಗೆಳತಿ ತನ್ನ ರೂಮಿನಲ್ಲಿ ಒಬ್ಬಳೇ ಇರುವಾಗ ಏನು ಯೋಚಿಸುತ್ತಾಳೆ? ಅವಳು ಬರೆಯುವ ಪದ್ಯ ಹೇಗಿರುತ್ತದೆ? ಈ ಕೊನೆಯ ಪ್ರಶ್ನೆಗೆ ನಿಮ್ಮ ಮಗಳು ನಿಜವಾಗಿ ಉತ್ತರ ಬರೆದರೆ ಅವಳ ಕಾದಂಬರಿಗೆ ಎರಡನೇ ಕಾಲು ಬರುತ್ತದೆ. ಗೆಳತಿಯ ಒಂದು ಮೆಸೇಜು, ಅರ್ಧ ಬರೆದು ಅಳಿಸಿದ ಒಂದು ಸಾಲು, ಪುಟದ ಬಲಗಡೆಗೆ ಸರಿಸಿದ ಅವಳ ಮಾತು, ಇಷ್ಟು ಬಂದರೂ ಸಾಕು.

ಕಥೆ ಬೇಕು ಅನ್ನುವುದನ್ನೂ ನೆನಪಿಸಿ. ಬಿಡಿ ಬಿಡಿ ದುಃಖದ ಪದ್ಯಗಳ ಕಟ್ಟು ಕವನ ಸಂಕಲನ ಆಗುತ್ತದೆ, ಕಾದಂಬರಿ ಆಗುವುದಿಲ್ಲ. ಮೊದಲ ಪುಟದಲ್ಲಿ ಹುಡುಗಿಗೆ ಏನೋ ಬೇಕಾಗಿರಬೇಕು. ಕೊನೆಯ ಪುಟದೊಳಗೆ ಅದು ಸಿಕ್ಕಿರಬೇಕು ಅಥವಾ ಸಿಗುವುದಿಲ್ಲ ಅಂತ ಖಚಿತ ಆಗಿರಬೇಕು. ಮೊದಲ ಪ್ರಯತ್ನಕ್ಕೆ ಕಾಲವನ್ನು ಚಿಕ್ಕದು ಮಾಡಿಕೊಳ್ಳುವುದು ಒಳ್ಳೆಯದು. ಒಂದು ವಾರ, ಒಂದು ಪರೀಕ್ಷೆಯ ಅವಧಿ, ಒಂದು ಪ್ರಯಾಣ. ಜೇಸನ್ ರೆನಾಲ್ಡ್ಸ್ ಅವರ ‘ಲಾಂಗ್ ವೇ ಡೌನ್’ (2017) ಇದನ್ನು ತುದಿಗೇ ಒಯ್ದಿದೆ. ಅಣ್ಣನನ್ನು ಯಾರೋ ಗುಂಡಿಟ್ಟು ಕೊಂದಿದ್ದಾರೆ. 15 ವರ್ಷದ ವಿಲ್ ಸೇಡು ತೀರಿಸಲು ಅಣ್ಣನ ಗನ್ ಹಿಡಿದು ಲಿಫ್ಟ್ ಹತ್ತುತ್ತಾನೆ. ಲಿಫ್ಟ್ ಏಳು ಮಹಡಿ ಇಳಿಯುತ್ತದೆ. ಒಂದೊಂದು ಮಹಡಿಯಲ್ಲೂ ಗುಂಡಿಗೆ ಬಲಿಯಾಗಿ ಹೋದವರು ಒಬ್ಬೊಬ್ಬರಾಗಿ ಒಳಗೆ ಬರುತ್ತಾರೆ. ಅವರಲ್ಲಿ ಅವನ ಬಾಲ್ಯದ ಗೆಳತಿ ಇದ್ದಾಳೆ, ಅಪ್ಪ ಇದ್ದಾನೆ. ಕಥೆಯ ಕಾಲ ಸುಮಾರು ಒಂದೇ ನಿಮಿಷ. ಅಷ್ಟರಲ್ಲಿ ಒಂದು ಇಡೀ ಕುಟುಂಬದ ಚರಿತ್ರೆ ಬಿಚ್ಚಿಕೊಳ್ಳುತ್ತದೆ.

ನೀವಿಬ್ಬರೂ ಒಟ್ಟಿಗೆ ಓದುವುದಾದರೆ ‘ಮೇಕ್ ಲೆಮನೇಡ್’ನಿಂದ ಶುರು ಮಾಡಿ, ಆಮೇಲೆ ‘ದ ಕ್ರಾಸೋವರ್’, ಅದಾದ ಮೇಲೆ ‘ಔಟ್ ಆಫ್ ದ ಡಸ್ಟ್’. ‘ಲಾಂಗ್ ವೇ ಡೌನ್’ ಸ್ವಲ್ಪ ತಡವಾಗಿ ಬರಲಿ. ಅದರಲ್ಲಿ ರಕ್ತ ಇದೆ, ಮತ್ತು ಕೊನೆ ತೆರೆದೇ ಇದೆ. ವಿಲ್ ಲಿಫ್ಟಿನಿಂದ ಹೊರಗೆ ಹೋಗಿ ಗುಂಡು ಹಾರಿಸುತ್ತಾನೋ ಇಲ್ಲವೋ ಅಂತ ಲೇಖಕರು ಹೇಳುವುದಿಲ್ಲ. ಹಾರಿಸುವುದಿಲ್ಲ ಅಂತ ನಾನು ನಂಬಿದ್ದೇನೆ. ನಿಮ್ಮ ಮಗಳು ಒಪ್ಪದಿದ್ದರೆ ಯಾವ ಪುಟದಿಂದ ಅವಳಿಗೆ ಹಾಗನ್ನಿಸಿತು ಅಂತ ಕೇಳಿ, ಆ ಪುಟವನ್ನು ಇಬ್ಬರೂ ಇನ್ನೊಮ್ಮೆ ಗಟ್ಟಿಯಾಗಿ ಓದಿ.